ನಮ್ಮ ದೊರೆ ಗುರ್ ಅನ್ನೋದೇ ಇಲ್ಲ!

"ಬನ್ನಿ ಬನ್ನಿ, ಅವನೇನೂ ಮಾಡಲ್ಲ!"

ಬಾಗಿಲಲ್ಲಿ ನಿಂತಿದ್ದ ಪಂಪು ರಿಪೇರಿಯವನು ಬರಲಿಲ್ಲ. ಒಂದು ಕಾಲು ಹೊಸ್ತಿಲೊಳಗೆ, ಇನ್ನೊಂದು ಕಾಲು ಹೊರಗೆ. ಕೈಯಲ್ಲಿ ಕಬ್ಬಿಣದ ಟೂಲ್ ಬಾಕ್ಸು, ಭುಜದ ಮೇಲೆ ಪೈಪಿನ ಸುರುಳಿ. ಕಣ್ಣು ಮಾತ್ರ ಊಟದ ಮೇಜಿನ ಕೆಳಗೇ ನೆಟ್ಟಿತ್ತು.

ಮೇಜಿನ ಕೆಳಗೆ ದೊರೆ ಮಲಗಿದ್ದ. ಕಂದು ಬಣ್ಣ, ನರೆತ ಮೂತಿ, ಹತ್ತು ವರ್ಷದ ಮುದಿ ನಾಯಿ. ಅವನ ಕಣ್ಣೂ ಬಾಗಿಲಲ್ಲಿದ್ದವನ ಮೇಲೇ ಇತ್ತು.

"ಮೇಡಂ... ಅದು ಗುರ್ ಅಂತಿದೆ."

"ಏನು? ಸ್ವಲ್ಪ ಗಟ್ಟಿಯಾಗಿ ಹೇಳಿ. ಬಾಗಿಲಷ್ಟು ಎತ್ತರ ಇದೀರಿ, ದನಿ ಮಾತ್ರ ಬಾವಿಯೊಳಗಿಂದ ಬರ್ತಿದೆ!"

"ನಾಯಿ ಗುರ್ ಅಂತಿದೆ ಅಂದೆ!"

ಅವಳು ಕಿಲಕಿಲ ನಕ್ಕಳು. "ಯಾರು, ದೊರೆನಾ? ನಮ್ಮ ದೊರೆ ಗುರ್ ಅನ್ನೋದೇ ಇಲ್ಲ! ಹತ್ತು ವರ್ಷದಿಂದ ನೋಡ್ತಿದೀನಿ, ಒಂದು ದಿನ ಅಂದಿಲ್ಲ. ಬೊಗಳ್ತಾನೆ, ಅಷ್ಟೇ."

"ಈಗ ಅಂತಿದೆಯಲ್ಲ ಮೇಡಂ!"

"ಅದು ಗೊರಕೆ ಇರಬೇಕು. ವಯಸ್ಸಾಯ್ತು ಪಾಪ."

"ಕಣ್ಣು ಬಿಟ್ಕೊಂಡು ಯಾರು ಗೊರಕೆ ಹೊಡೀತಾರೆ?"

ಅವಳಿಗೆ ರೇಗಿತು. 'ನೀರಿಲ್ಲದೆ ಬೆಳಗಿನಿಂದ ಒದ್ದಾಡ್ತಿದೀವಿ, ಇವನು ಬಾಗಿಲಲ್ಲಿ ನಿಂತು ನನ್ನ ನಾಯಿ ಮೇಲೆ ಇಲ್ಲದ್ದು ಹೇಳ್ತಿದಾನೆ!'

ಅವನು ಆಮೇಲೆ ಮಾಡಿದ್ದನ್ನು ಮಾತ್ರ ಅವಳು ಎಣಿಸಿರಲಿಲ್ಲ. ಅವನು ನಾಯಿಯನ್ನು ದುರುಗುಟ್ಟಿ ನೋಡುವುದನ್ನು ಬಿಟ್ಟ. ನಿಧಾನವಾಗಿ ಪಕ್ಕಕ್ಕೆ ತಿರುಗಿ ಹೊಸ್ತಿಲ ಮೇಲೆ ಕೂತ. ಬೀದಿ ನೋಡುತ್ತಾ, ತನಗೆ ಯಾವ ಅವಸರವೂ ಇಲ್ಲವೆಂಬಂತೆ ಐದು ನಿಮಿಷ ಕೂತೇ ಇದ್ದ. ದೊರೆ ತಲೆ ಕೆಳಗಿಟ್ಟ. ಆಗ ಅವನು ಎದ್ದು ಗೋಡೆ ಬದಿಯಿಂದ ಹಿಂದಿನ ಪಂಪಿನ ಕೋಣೆಗೆ ನಡೆದ.

"ಈಗ ನಿಲ್ಲಿಸ್ತು," ಎಂದ ಹೋಗುತ್ತಾ.

"ಶುರುನೇ ಮಾಡಿರಲಿಲ್ಲ!" ಎಂದಳು ಅವಳು.

ಹೀಗೆ ಜಗಳದಿಂದಲೇ ಶುರುವಾಯಿತು ನೋಡಿ ಇವರಿಬ್ಬರ ಕಥೆ.

ಮನೆಯಲ್ಲೂ ಕೆಲಸದಲ್ಲೂ ಎಲ್ಲರ ಬಾಯಲ್ಲಿ ಅವಳು ಗುಬ್ಬಿ. ಗಾಜಿನ ಅಂಗಡಿಯಲ್ಲಿ ಕೆಲಸ. ಕಿಟಕಿಗೆ, ಕನ್ನಡಿಗೆ, ಫೋಟೋ ಫ್ರೇಮಿಗೆ ಗಾಜು ಕತ್ತರಿಸಿ ಕೊಡುವುದು. ಗಾಜಿನ ಮೇಲೆ ಕಟರ್ ಎಳೆದಾಗ ಸಣ್ಣಗೆ ಕಿರ್ರ್ ಎನ್ನುತ್ತದಲ್ಲ, ಆ ಸದ್ದು ಕೇಳಿಯೇ ಗಾಜು ನೇರವಾಗಿ ಒಡೆಯುತ್ತದೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದಳು. ಅಂಗಡಿಯ ಯಜಮಾನರು ಗಿರಾಕಿಗಳೆದುರು, "ಇವಳ ಕಿವಿ ಚಿನ್ನ ಕಣ್ರೀ! ಕೂದಲೆಳೆಯಷ್ಟು ಬಿರುಕು ಬಿಟ್ರೂ ಕೇಳಿಸ್ಕೋತಾಳೆ," ಎಂದು ಜಂಬ ಕೊಚ್ಚುತ್ತಿದ್ದರು.

ಹಾಗಿದ್ದವಳ ಮೇಲೆ ಒಂದು ದೂರೂ ಇತ್ತು. ಹಿಂದಿನಿಂದ ಯಾರಾದರೂ ಗಂಡಸರು ನಮಸ್ಕಾರ ಹೇಳಿದರೆ ತಿರುಗಿ ನೋಡುವುದಿಲ್ಲ, ಲಾರಿ ಬೆನ್ನಿಗೆ ಬಂದರೂ ದಾರಿ ಬಿಡುವುದಿಲ್ಲ, ಬಲು ಜಂಬದ ಹುಡುಗಿ ಅಂತ. ಗುಬ್ಬಿಗೆ ಈ ಮಾತು ಅರ್ಥವೇ ಆಗುತ್ತಿರಲಿಲ್ಲ. 'ನಮಸ್ಕಾರ ಹೇಳಿದ್ರೆ ತಾನೇ ನಾನು ತಿರುಗೋದು?'

ಎರಡು ವರ್ಷದ ಹಿಂದೆ ಅಮ್ಮ ಹೋದಳು. ಅಮ್ಮನ ಮನೆ ಖಾಲಿ ಮಾಡಿ, ಒಂದು ಸೂಟ್‌ಕೇಸು ಮತ್ತು ಅಮ್ಮ ಸಾಕಿದ ದೊರೆಯೊಂದಿಗೆ ಗುಬ್ಬಿ ಅಕ್ಕ-ಭಾವನ ಮನೆ ಸೇರಿದಳು. ಭಾವ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ಬಾಯಿ ಜೋರು, ಮನಸ್ಸು ಮೆತ್ತಗೆ. "ನಾಯಿಗೂ ಒಂದು ಮೂಲೆ ಇದೆ, ಬಾರಮ್ಮ," ಎಂದು ಅವರೇ ಸೂಟ್‌ಕೇಸು ಹೊತ್ತು ತಂದಿದ್ದರು.

ಅಮ್ಮನದು ಅಂತ ಗುಬ್ಬಿಗೆ ಉಳಿದಿದ್ದು ದೊರೆ ಒಬ್ಬನೇ.

ಪಂಪಿನ ಕೋಣೆಯಲ್ಲಿ ಅವತ್ತು ಪಂಪಿನವನು ಓಡುತ್ತಿದ್ದ ಮೋಟಾರಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ಕೂತಿದ್ದ.

"ಏನ್ರೀ, ಜ್ವರ ನೋಡ್ತಿದೀರಾ?"

"ಹೂಂ. ಒಳಗೆ ಬೇರಿಂಗ್ ಸವೆದಿದೆ. ಕಿವಿಗಿಂತ ಕೈಗೆ ಬೇಗ ಗೊತ್ತಾಗುತ್ತೆ. ಬೇಕಾದ್ರೆ ನೀವೂ ನೋಡಿ."

ಅವಳು ಕೈ ಇಟ್ಟಳು. ಅಂಗೈಯಿಂದ ಮೊಣಕೈವರೆಗೆ ಜುಂ ಎಂದು ಹರಿಯಿತು! ಅವಳ ಕಣ್ಣು ಅರಳಿತು.

"ಅಯ್ಯೋ! ಇದರೊಳಗೆ ಇಷ್ಟೊಂದು ನಡೀತಿದೆಯಾ?"

ಮೋಟಾರಿಗೆ ಇಷ್ಟು ಖುಷಿಪಡುವ ಹುಡುಗಿಯನ್ನು ಅವನು ಅದುವರೆಗೆ ಕಂಡಿರಲಿಲ್ಲ. ಅವಳ ಮುಖವನ್ನೇ ನೋಡುತ್ತಾ ಸ್ಪ್ಯಾನರ್ ಅನ್ನು ಕಾಲ ಮೇಲೆ ಬೀಳಿಸಿಕೊಂಡ.

ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ, "ಮೇಡಂ, ಗುರ್ ಅಂದ್ರೆ ಕೆಟ್ಟ ನಾಯಿ ಅಂತಲ್ಲ. ನಂಗೆ ಕಷ್ಟ ಆಗ್ತಿದೆ, ದೂರ ಇರು ಅಂತ ಹೇಳೋದು ಅಷ್ಟೇ. ಹೇಳೋ ನಾಯಿಯನ್ನ ನಂಬಬಹುದು. ಬೈದು ಬಾಯಿ ಮುಚ್ಚಿಸಿದ್ರೆ ಹೇಳೋದು ಬಿಡುತ್ತೆ, ಆಮೇಲೆ ನೇರವಾಗಿ ಬಾಯಿ ಹಾಕುತ್ತೆ."

"ಗುರ್ ಅಂದ್ರೆ ತಾನೇ ಈ ಪಾಠವೆಲ್ಲ!" ಎಂದು ಗುಬ್ಬಿ ಮೂಗು ಮುರಿದಳು.

ಆ ತಿಂಗಳಲ್ಲಿ ಪಂಪು ಇನ್ನೂ ಮೂರು ಸಲ ಕೆಟ್ಟಿತು. ಮೂರರಲ್ಲಿ ಎರಡು ಸಲ ಅದು ನಿಜವಾಗಿಯೂ ಕೆಟ್ಟಿತ್ತೋ ಇಲ್ಲವೋ, ಅದು ಪಂಪಿಗೂ ಅವನಿಗೂ ಮಾತ್ರ ಗೊತ್ತು. ಅಕ್ಕ ಕಾಫಿ ಲೋಟ ಕೊಡುತ್ತಾ ನಗುತ್ತಿದ್ದಳು. ಗುಬ್ಬಿ ಅವನ ಎದುರಿಗೇ ಕೂತು, ಅವನ ತುಟಿಗಳನ್ನೇ ನೋಡುತ್ತಾ ಮಾತು ಕೇಳುತ್ತಿದ್ದಳು. ಹಾಗೆ ನೋಡುವುದು ಅವಳಿಗೆ ಚಿಕ್ಕಂದಿನ ಅಭ್ಯಾಸ. ಅದು ಪ್ರೀತಿಯೇ ಇರಬೇಕೆಂದು ಪಾಪದವನು ಅಂದುಕೊಂಡ.

ತಪ್ಪೇನೂ ಅಂದುಕೊಳ್ಳಲಿಲ್ಲ ಬಿಡಿ. ಅವನ ಬೈಕು ಬೀದಿ ತಿರುವಿನಲ್ಲಿ ಕಂಡರೆ ಸಾಕು, ಗುಬ್ಬಿ ಓಡಿಹೋಗಿ ತಲೆ ಬಾಚಿಕೊಳ್ಳುತ್ತಿದ್ದಳು.

ಒಂದು ಬುಧವಾರ ಸಂಜೆ ಅವನು ಗಾಜಿನ ಅಂಗಡಿಗೇ ಬಂದ. ಪಂಪಿನ ಮೀಟರಿನ ಮುಖಕ್ಕೆ ಅಂಗೈಯಷ್ಟಗಲದ ದುಂಡು ಗಾಜು ಬೇಕಿತ್ತು. ಯಜಮಾನರು ಹೊರಗೆ ಹೋಗಿದ್ದರು. ಗುಬ್ಬಿ ಅವನ ಗಾಜನ್ನು ಕತ್ತರಿಸಿ, ಅವನಿಗೆ ಬೆನ್ನು ಮಾಡಿ, ಅಂಚು ಉಜ್ಜುವ ಯಂತ್ರದ ಮುಂದೆ ಬಗ್ಗಿ ನಿಂತಿದ್ದಳು. ಯಂತ್ರ ಓಡುತ್ತಿತ್ತು.

ಅವನು ಆಗ ಏನು ಹೇಳಿದ ಅಂತ ನಿಮಗೆ ಹೇಳಿಬಿಡುತ್ತೇನೆ.

"ನಂಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ," ಎಂದ ತನ್ನ ಬಾವಿಯ ದನಿಯಲ್ಲಿ. "ಪಂಪು ಕೆಡದಿದ್ರೂ ನಿಮ್ಮ ಮನೆಗೆ ಬರಬೇಕು ಅನ್ಸುತ್ತೆ. ದಿನಾ ಬರಬೇಕು ಅನ್ಸುತ್ತೆ. ನನ್ನನ್ನ ಮದುವೆ ಆಗ್ತೀರಾ?"

ಗುಬ್ಬಿ ತಿರುಗಲಿಲ್ಲ. ಅವಳ ಕೈ ನಿಲ್ಲಲೂ ಇಲ್ಲ. ಗಾಜನ್ನು ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ಉಜ್ಜಿದಳು, ಯಾವುದೋ ಹಾಡು ಗುನುಗಿದಳು.

ಅವನು ಒಂದು ನಿಮಿಷ ಕಾದ. ಎರಡು ನಿಮಿಷ ಕಾದ. ಮುಖಕ್ಕೆ ಹೊಡೆದಂತೆ ಇಲ್ಲ ಅನ್ನಲು ಮನಸ್ಸು ಬಾರದೆ ಕೇಳಿಸದಂತೆ ಇದ್ದಾಳೆ ಎಂದುಕೊಂಡ. ಅವಳ ಮರ್ಯಾದೆ ಉಳಿಸಲು ಸದ್ದಿಲ್ಲದೆ ಹೊರಟುಹೋದ.

ಗುಬ್ಬಿ ಗಾಜು ಒರೆಸಿ ತಿರುಗಿದಳು. "ರೀ ಪಂಪಿನವರೇ, ನೋಡಿ ಹೇಗೆ..."

ಅಂಗಡಿ ಖಾಲಿ!

'ಹೇಳದೇ ಹೋಗಿಬಿಟ್ರಾ?' ಅವಳಿಗೆ ಅಳುವೇ ಬಂತು. ಫೋನು ಮಾಡಿದಳು. ಅವನು ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ.

ಅದೇ ಮರುದಿನ, ಗುರುವಾರ ಬೆಳಿಗ್ಗೆ, ಎಲ್ಲಾ ಎಕ್ಕುಟ್ಟಿ ಹೋಯಿತು.

ಅಕ್ಕನಿಗೆ ಏಳು ತಿಂಗಳು. ಹುಟ್ಟುವ ಕೂಸಿಗೆಂದು ಭಾವ ಒಂದು ಮರದ ತೊಟ್ಟಿಲು ತಂದಿದ್ದರು. ಅದನ್ನು ಇಡಬೇಕಾದ ಮೂಲೆಯಲ್ಲಿ ದೊರೆ ಚಾಪೆಯ ಮೇಲೆ ಮಲಗಿದ್ದ. ಭಾವ ಬಗ್ಗಿದರು, ಸಟ್ಟನೆ ಹಿಂದೆ ಸರಿದರು.

"ಗುಬ್ಬಿ, ಇದು ಗುರ್ ಅಂತಿದೆ ಕಣೆ."

"ಅಯ್ಯೋ ಭಾವ, ನೀವೂ ಶುರು ಮಾಡಿದ್ರಾ? ನಾನು ಇಲ್ಲೇ ಪಕ್ಕದಲ್ಲಿ ಇದೀನಲ್ಲ, ಅವನು ಏನೂ ಅಂತಿಲ್ಲ."

"ಅಂತಿದೆ ಕಣೆ!"

"ಇಲ್ಲ ಭಾವ! ಅಷ್ಟು ದೊಡ್ಡ ಲಾರಿ ಓಡಿಸೋದು ಕಲಿಸ್ತೀರಿ, ಮುದಿ ನಾಯಿಗೆ ಹೆದರ್ತೀರಲ್ಲ! ಕಾಲರ್ ಹಿಡಿದು ಎಬ್ಬಿಸಿ."

ಭಾವನಿಗೆ ನಾಚಿಕೆಯಾಯಿತು. ಕಾಲರ್ ಹಿಡಿದು ಎಳೆದರು.

ಆಮೇಲೆ ಕೇಳಿಸಿದ್ದು ಭಾವನ ಕೂಗು, ತೊಟ್ಟಿಲು ಉರುಳಿದ ಸದ್ದು, ಅಡುಗೆಮನೆಯಿಂದ ಅಕ್ಕನ ಚೀರಾಟ. ನೆಲದ ಮೇಲೆಲ್ಲ ರಕ್ತ... ಬಲಗೈ, ಗೇರ್ ಹಿಡಿಯುವ ಕೈ. ಆಸ್ಪತ್ರೆಯಲ್ಲಿ ಆರು ಹೊಲಿಗೆ ಬಿತ್ತು.

ಮನೆಗೆ ಬಂದ ಭಾವ ಬಾಯಿ ಜೋರು ಮಾಡಲಿಲ್ಲ. ಅದೇ ಗುಬ್ಬಿಗೆ ಹೆಚ್ಚು ಹೆದರಿಕೆ ತಂದಿತು.

"ನಂಗೆ ಕೇಳಿಸ್ತು ಗುಬ್ಬಿ. ಅಡುಗೆಮನೇಲಿದ್ದ ನಿಮ್ಮಕ್ಕಂಗೂ ಕೇಳಿಸ್ತು. ಗಾಜಿನ ಬಿರುಕು ಕೇಳಿಸಿಕೊಳ್ಳೋ ನಿಂಗೆ ಕೇಳಿಸ್ಲಿಲ್ವಾ?"

"ಅವನು ಅನ್ನಲಿಲ್ಲ ಭಾವ... ಅಮ್ಮನ ಆಣೆಗೂ ಅನ್ನಲಿಲ್ಲ..."

"ಅಮ್ಮನ್ನ ಎಳೀಬೇಡ!" ಎಂದರು ಭಾವ. "ನಾಯಿ ಕಚ್ಚಿದ್ದು ಆರು ಹೊಲಿಗೆಗೆ ವಾಸಿ ಆಗುತ್ತೆ. ನೀನು ಸುಳ್ಳು ಹೇಳಿ ನನ್ನ ಕೈ ಅದರ ಬಾಯಿಗೆ ಕೊಟ್ಯಲ್ಲ, ಅದನ್ನ ಹೇಗೆ ಮರೀಲಿ?"

ಗುಬ್ಬಿ ಅಕ್ಕನ ಕಡೆ ನೋಡಿದಳು. ಅಕ್ಕ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮುಖ ತಿರುಗಿಸಿದಳು. ನಂಬಿಕೆ ಹೋಯಿತು ಎಂದು ಬಾಯಿಬಿಟ್ಟು ಹೇಳುವುದೇ ಬೇಕಿರಲಿಲ್ಲ.

ತೀರ್ಮಾನವಾಯಿತು. ಭಾನುವಾರ ಬೆಳಿಗ್ಗೆ ಮರದ ಗೋದಾಮಿನವನು ಬಂದು ದೊರೆಯನ್ನು ಕರೆದೊಯ್ಯುತ್ತಾನೆ. ಅವನಿಗೆ ಕಾವಲಿಗೆ ನಾಯಿ ಬೇಕಂತೆ. ಗೇಟಿನ ಪಕ್ಕ, ಸರಪಳಿ ಹಾಕಿ ಕಟ್ಟುತ್ತಾನಂತೆ.

ಎಂಟು ವರ್ಷ ಅಮ್ಮನ ಮಂಚದ ಪಕ್ಕ ಮಲಗಿದವನಿಗೆ, ಏಳುವಾಗ ಹಿಂಗಾಲು ಎಳೆಯುವ ಮುದುಕನಿಗೆ, ಸರಪಳಿ!

ಗುಬ್ಬಿ ಶುಕ್ರವಾರ ಇಡೀ ಊರು ತಿರುಗಿದಳು. ನಾಯಿಗಳ ಆಶ್ರಯದವರು ಜಾಗವಿಲ್ಲ ಎಂದರು. ಹಾಸ್ಟೆಲಿನವರು ನಾಯಿ ಎಂದೊಡನೆ ಬಾಗಿಲು ಹಾಕಿದರು. ಯಜಮಾನರು, "ಗಾಜಿನ ನಡುವೆ ಕಚ್ಚೋ ನಾಯೀನಾ? ನಿಂಗೇನಾಗಿದೆ ಗುಬ್ಬಿ?" ಎಂದರು. ಪಂಪಿನವನ ಫೋನಿಗೆ ಇನ್ನೊಂದು ಸಲ ಮಾಡಿದಳು. ಎತ್ತಲಿಲ್ಲ. 'ಅವರಿಗೂ ಸುದ್ದಿ ಮುಟ್ಟಿರಬೇಕು. ಅವರೂ ನನ್ನ ಸುಳ್ಳಿ ಅಂದ್ಕೊಂಡಿರಬೇಕು.'

ಸಂಜೆ ಮನೆಗೆ ಬಂದವಳಿಗೆ ಸಿಟ್ಟೆಲ್ಲ ದೊರೆಯ ಮೇಲೆ ತಿರುಗಿತು. "ಯಾಕೋ ಕಚ್ದೆ? ಒಂದು ಮಾತು ಹೇಳಬಾರದಿತ್ತಾ? ಯಾಕೋ!" ಎಂದು ಮೂತಿಯ ಮೇಲೆ ಒಂದೇಟು ಹಾಕಿಬಿಟ್ಟಳು.

ದೊರೆ ಕಣ್ಣು ಬೇರೆ ಕಡೆ ಹೊರಳಿಸಿದ. ತುಟಿ ನೆಕ್ಕಿಕೊಂಡ. ಮೆಲ್ಲಗೆ ಮೂಲೆಗೆ ಸರಿದ.

ಗುಬ್ಬಿ ಆ ಏಟು ಹಾಕಿದ ಕೈಯನ್ನು ಹಲ್ಲಲ್ಲಿ ಕಚ್ಚಿಕೊಂಡು ಅತ್ತಳು. ಏನು ಮಾಡುವುದು, ಯಾರ ಕಾಲು ಹಿಡಿಯುವುದು, ಒಂದೂ ತಿಳಿಯಲಿಲ್ಲ. ತಾನು ಸುಳ್ಳು ಹೇಳಿಲ್ಲ ಎಂದು ತನಗೆ ಗೊತ್ತು. ತನಗೆ ಗೊತ್ತಿದ್ದರೆ ಏನು ಬಂತು?

ಶನಿವಾರ ಮಧ್ಯಾಹ್ನ ನಲ್ಲಿಯಲ್ಲಿ ನೀರು ನಿಂತಿತು. ಭಾವ ಹೊರಡುವ ಮೊದಲು ಪಂಪಿನ ಸ್ವಿಚ್ಚು ಹಾಕಿ ನೋಡಿ, ನೀರು ಏರದಿದ್ದಕ್ಕೆ ಪಂಪಿನವನಿಗೆ ಫೋನು ಮಾಡಿ, ಸ್ವಿಚ್ಚು ಆರಿಸಲು ಮರೆತು ಹೋಗಿದ್ದರು. ಅವರ ಫೋನನ್ನು ಅವನು ಎತ್ತದೆ ಇರಲಾಗುತ್ತದೆಯೇ?

ಅವನು ಹಿಂದಿನ ಬಾಗಿಲಿನಿಂದ ಬಂದ. ಬೀದಿಯಲ್ಲಿರುವಾಗಲೇ ಪಂಪಿನ ಕೋಣೆಯಿಂದ ಗುಂಯ್ ಎನ್ನುವ ದಪ್ಪ ಸದ್ದು ಬರುತ್ತಿತ್ತು. ನೀರಿಲ್ಲದೆ ಮೋಟಾರು ಸುಮ್ಮನೆ ಕುದಿಯುತ್ತಿದೆ, ಇನ್ನು ಹತ್ತು ನಿಮಿಷ ಬಿಟ್ಟರೆ ಸುಟ್ಟೇ ಹೋಗುತ್ತದೆ! ಓಡಿಬಂದು ಬಾಗಿಲು ತಳ್ಳಿದ.

ಗುಬ್ಬಿ ಅಲ್ಲೇ ಇದ್ದಳು! ಮೋಟಾರಿಗೆ ಮೂರು ಅಡಿ ದೂರದಲ್ಲಿ, ತಣ್ಣನೆಯ ನೆಲದ ಮೇಲೆ, ದೊರೆಯ ಪಕ್ಕ ಮೊಣಕಾಲಿಗೆ ಮುಖ ಕೊಟ್ಟು ಕೂತಿದ್ದಳು.

ಅವನು ಸ್ವಿಚ್ಚು ಆರಿಸಿದ. ಕೋಣೆ ಒಮ್ಮೆಗೇ ನಿಶ್ಶಬ್ದವಾಯಿತು. ಅವಳು ತಲೆ ಎತ್ತಲಿಲ್ಲ.

ಅವನು ಮುಂದೆ ಬಂದು ನಿಂತಾಗ ಬೆಚ್ಚಿಬಿದ್ದಳು. "ನೀವು... ಯಾವಾಗ ಬಂದ್ರಿ?"

"ಮೋಟಾರು ಇಷ್ಟು ಹೊತ್ತಿಂದ ಹೊಡ್ಕೋತಿದೆ, ನಿಲ್ಲಿಸಬಾರದಾ?"

"ಯಾವ ಮೋಟಾರು?"

"ಇದೇ! ಬೀದಿವರೆಗೂ ಕೇಳಿಸ್ತಿತ್ತು!"

"ಅದು ಓಡ್ತಾನೇ ಇರಲಿಲ್ಲ," ಎಂದಳು ಅವಳು. ಕಣ್ಣು ಕೆಂಪಾಗಿತ್ತು. "ನೀವೂ ಶುರು ಮಾಡಿ! ಎಲ್ಲರೂ ಸೇರ್ಕೊಂಡು ನನ್ನ ಹುಚ್ಚಿ ಮಾಡಿಬಿಡಿ!"

ಅವನು ಮೋಟಾರಿನ ಮೇಲೆ ಕೈಯಿಟ್ಟ. ಸುಡುತ್ತಿತ್ತು. ಅವಳ ಮುಖ ನೋಡಿದ. ಆ ಮುಖದಲ್ಲಿ ಸುಳ್ಳು ಇರಲಿಲ್ಲ.

ಅವನ ಕಾಲು ಒಂಚೂರು ದೊರೆಯ ಹಿಂಗಾಲಿನ ಬಳಿ ಸರಿದಿತ್ತು. ದೊರೆಯ ಮೈ ಸೆಟೆಯಿತು. ಗಂಟಲಿನಲ್ಲಿ ಸಣ್ಣಗೆ ಶುರುವಾಯಿತು... ಗುರ್‌ರ್‌ರ್...

ಅವನು ತಕ್ಷಣ ಕಾಲು ಹಿಂದೆ ತೆಗೆದ. "ಈಗ ಏನಾದ್ರೂ ಕೇಳಿಸ್ತಿದೆಯಾ?"

"ಏನು?"

"ಸ್ವಲ್ಪ ಗೋಡೆ ಕಡೆ ತಿರುಗಿ ಕೂತ್ಕೋತೀರಾ? ದಯವಿಟ್ಟು. ತಮಾಷೆ ಅಲ್ಲ."

ಏನೂ ಹೊಳೆಯದೆ, ಹಟ ಮಾಡುವ ಶಕ್ತಿಯೂ ಉಳಿಯದೆ ಅವಳು ತಿರುಗಿದಳು. ಅವನು ಅವಳ ಹಿಂದೆ ನಿಂತು ತನ್ನ ದಪ್ಪ ದನಿಯಲ್ಲಿ, ಮೆಲ್ಲಗೆ, ಅವಳ ಹೆಸರು ಹಿಡಿದು ಎರಡು ಸಲ ಕರೆದ.

"ಬೇಗ ಏನಾದ್ರೂ ಮಾಡಿ," ಎಂದಳು ಅವಳು ಗೋಡೆಗೆ.

ಅವನು ಜೇಬಿನಿಂದ ಉಗುರಿನಷ್ಟು ಸಣ್ಣ ಕಬ್ಬಿಣದ ವಾಷರ್ ಬಿಲ್ಲೆ ತೆಗೆದು, ಮೂಲೆಯಲ್ಲಿ ಬಗ್ಗಿ, ಬೆರಳಗಲ ಎತ್ತರದಿಂದ ನೆಲಕ್ಕೆ ಬೀಳಿಸಿದ. ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

"ಏನೋ ಬಿತ್ತು," ಎಂದಳು ಅವಳು ಕೂಡಲೇ. "ಸಣ್ಣ ಕಬ್ಬಿಣದ್ದು."

ಅವನು ಗೋಡೆಗೊರಗಿದ. ಬುಧವಾರ ಸಂಜೆಯ ಅಂಗಡಿ, ಓಡುತ್ತಿದ್ದ ಯಂತ್ರ, ಅವಳ ಬೆನ್ನು, ಎಲ್ಲಾ ಒಟ್ಟಿಗೆ ಕಣ್ಣೆದುರು ಬಂತು. 'ನಾನೆಂಥ ಪೆದ್ದ!' ಆದರೆ ಅದನ್ನು ಹೇಳುವ ಹೊತ್ತು ಇದಲ್ಲ.

"ನಿಮ್ಮ ಕೈ ಕೊಡಿ," ಎಂದ ಎದುರಿಗೆ ಬಂದು, ಅವಳಿಗೆ ಕಾಣುವಂತೆ. "ದೊರೆಯ ಎದೆ ಹತ್ತಿರ, ಇಲ್ಲಿ. ಹಗುರವಾಗಿ. ಹಿಂದಕ್ಕೆ ಬೇಡ, ಅವನಿಗೆ ಹಿಂಗಾಲಲ್ಲಿ ನೋವಿದೆ. ಈಗ ನಾನು ಒಂದೇ ಒಂದು ಹೆಜ್ಜೆ ಹತ್ತಿರ ಬರ್ತೀನಿ, ಅಷ್ಟೇ."

ಅವನು ಒಂದು ಹೆಜ್ಜೆ ಇಟ್ಟ.

ಗುಬ್ಬಿಯ ಅಂಗೈ ಕೆಳಗೆ ಜುಂ ಎಂದಿತು!

ಅವಳು ಬಾಯಿ ತೆರೆದಳು. ಮೋಟಾರಿನಲ್ಲಿ ಅವತ್ತು ಹರಿದಿತ್ತಲ್ಲ, ಅದೇ. ಬಿಸಿ ಮೈಯೊಳಗೆ, ಪಕ್ಕೆಲುಬಿನ ಹಿಂದೆ, ನಿಲ್ಲದೆ ನಡುಗುತ್ತಿತ್ತು. ಅವಳ ಕಿವಿಯಲ್ಲಿ ಮಾತ್ರ ಏನೂ ಇರಲಿಲ್ಲ.

ಅವನು ಹಿಂದೆ ಸರಿದ. ನಡುಕ ನಿಂತಿತು.

"ಇದು..." ಅವಳು ಕೈ ತೆಗೆಯಲಿಲ್ಲ. "ಇದು ಏನು?"

"ಇದೇ ಗುರ್."

ಅವಳು ದೊರೆಯ ಮುಖ ನೋಡಿದಳು. ಅವನು ಕಣ್ಣು ಮಿಟುಕಿಸಿದ.

"ಹತ್ತು ವರ್ಷದಿಂದ... ಹೇಳ್ತಾನೇ ಇದ್ನಾ?"

"ಇದ್ದ ಅನ್ಸುತ್ತೆ."

"ಎಲ್ಲರಿಗೂ ಕೇಳಿಸ್ತಿತ್ತಾ?"

ಅವನು ಹೌದೆಂದು ತಲೆಯಾಡಿಸಿದ.

ಗುಬ್ಬಿ ಕುಸಿದುಹೋದಳು. "ಭಾವ ಎರಡು ಸಲ ಹೇಳಿದ್ರು... ನಾನು ನಕ್ಕೆ. ಹೆದರುಪುಕ್ಕಲ ಅನ್ನೋ ಹಾಗೆ ಆಡಿಕೊಂಡೆ. ಅವರ ಕೈ ನಾನೇ ಹಿಡಿದು ಕಚ್ಚಿಸಿದ ಹಾಗಾಯ್ತಲ್ರೀ! ನಿನ್ನೆ ಇವನಿಗೆ ಹೊಡೆದೆ. ಒಂದು ಮಾತು ಹೇಳಬಾರದಿತ್ತಾ ಅಂತ ಕೇಳಿ ಹೊಡೆದೆ..."

ಅವನು ದೊರೆಯ ಕಾಲಿಗೆ ತಾಗದಂತೆ ಸುತ್ತಿ ಬಂದ. ಅವಳ ಪಕ್ಕ ನೆಲದ ಮೇಲೆ ಕೂತ. ಬಾಗಿಲಲ್ಲಿ ಬಿಕ್ಕುವ ಸದ್ದಾಯಿತು. ಅಕ್ಕ ಎಷ್ಟು ಹೊತ್ತಿನಿಂದ ನಿಂತಿದ್ದಳೋ!

"ಅಮ್ಮ ನಿನ್ನ ಯಾವತ್ತೂ ದೂರದಿಂದ ಕರೀತಿರಲಿಲ್ಲ," ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತಾ. "ಹತ್ತಿರ ಬಂದು ಭುಜ ಮುಟ್ಟಿ ಕರೀತಿದ್ದಳು. ನನ್ನನ್ನ ಮಾತ್ರ ಬೀದಿಗೆ ಕೇಳೋ ಹಾಗೆ ಕೂಗ್ತಿದ್ದಳು. ಚಿಕ್ಕವಳು ಅಂತ ಮುದ್ದು ಮಾಡ್ತಾಳೆ ಅಂತ ನಂಗೆ ಹೊಟ್ಟೆಕಿಚ್ಚು ಕಣೇ ಗುಬ್ಬಿ... ದೊರೆ ಗುರ್ ಅಂದ್ರೆ ನಿನ್ನ ಕೈಯನ್ನ ತಾನೇ ಎತ್ತಿ ಪಕ್ಕಕ್ಕಿಡ್ತಿದ್ದಳು."

ಅಮ್ಮನ ದಪ್ಪ ದನಿ, ಅಮ್ಮನ ಬಿಸಿ ಕೈ. ಅಮ್ಮನಿಗೆ ಗೊತ್ತಿತ್ತೋ, ಗೊತ್ತಿಲ್ಲದೆಯೇ ಕೈಗೆ ಅಭ್ಯಾಸವಾಗಿತ್ತೋ, ಇನ್ನು ಕೇಳುವುದು ಯಾರನ್ನು? ಇಬ್ಬರೂ ತಬ್ಬಿಕೊಂಡು ಅತ್ತರು.

ಸಂಜೆ ಭಾವ ಬಂದರು. ಎಲ್ಲ ಕೇಳಿದರು. ಬ್ಯಾಂಡೇಜು ಕಟ್ಟಿದ ಕೈಯನ್ನು ಇನ್ನೊಂದು ಕೈಯಿಂದ ಸವರುತ್ತಾ ಗುಬ್ಬಿಯ ಎದುರು ಬಂದು ಕೂತರು.

"ಸುಳ್ಳಿ ಅಂದೆನಲ್ಲಮ್ಮ ನಿನ್ನ," ಎಂದರು. "ತಪ್ಪಾಯ್ತು."

"ತಪ್ಪು ನಂದು ಭಾವ."

"ಗೋದಾಮಿನವನಿಗೆ ಬೇಡ ಅಂತ ಹೇಳ್ತೀನಿ. ಆದ್ರೆ ಗುಬ್ಬಿ..." ಅವರು ತಲೆ ತಗ್ಗಿಸಿದರು. "ನಿನ್ನ ಮೇಲಿನ ಸಿಟ್ಟು ಇಳೀತು. ಹೆದರಿಕೆ ಇಳೀಲಿಲ್ಲ. ಇವತ್ತೂ ಅದರ ಪಕ್ಕ ಹಾಯೋಕಾಗದೆ ಸುತ್ತಿ ಬಂದೆ. ಕೂಸು ಬರ್ತಿದೆ. ನಾನೇನು ಮಾಡಲಿ ಹೇಳು?"

ಭಾವನದು ತಪ್ಪಲ್ಲ. ದೊರೆಯದೂ ತಪ್ಪಲ್ಲ. ಯಾರ ತಪ್ಪೂ ಇಲ್ಲದಿದ್ದರೂ ದೊರೆ ಈ ಮನೆಯಲ್ಲಿ ಇರುವಂತಿರಲಿಲ್ಲ.

"ನನ್ನ ವರ್ಕ್‌ಶಾಪಿನಲ್ಲಿ ಜಾಗ ಇದೆ," ಎಂದ ಪಂಪಿನವನು, ಟೂಲ್ ಬಾಕ್ಸು ಮುಚ್ಚುತ್ತಾ. "ಸರಪಳಿ ಇಲ್ಲ. ಒಳಕೋಣೆಗೆ ಅರ್ಧ ಬಾಗಿಲಿದೆ, ಅವನಿಗೆ ಬೇಡ ಅನ್ಸಿದಾಗ ಯಾರೂ ಹತ್ತಿರ ಹೋಗಲ್ಲ. ನೀವು ದಿನಾ ಬಂದು ನೋಡಬಹುದು."

ಭಾನುವಾರ ಬೆಳಿಗ್ಗೆ ಗುಬ್ಬಿ ದೊರೆಯನ್ನು ನಡೆಸಿಕೊಂಡು ಹೊರಟಳು. ದೊರೆ ಗೇಟಿನ ಬಳಿ ನಿಂತು ಮನೆಯ ಕಡೆ ತಿರುಗಿ ನೋಡಿದ. ಎಳೆಯಲು ಅವಳಿಗೆ ಮನಸ್ಸು ಬರಲಿಲ್ಲ. ಅವನಾಗಿ ಹೆಜ್ಜೆ ಇಡುವವರೆಗೆ ಬೀದಿಯಲ್ಲಿ ಕಾಯುತ್ತಾ ನಿಂತಳು, ಕಣ್ಣೀರು ತನ್ನಷ್ಟಕ್ಕೆ ಸುರಿಯುತ್ತಿತ್ತು.

ಪಶುವೈದ್ಯರು ನೋಡಿ, ಸೊಂಟದ ಕೀಲು ಸವೆದಿದೆ, ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು ಎಂದರು. ಮಾತ್ರೆ ಕೊಟ್ಟರು. ಕಿವಿಯ ವೈದ್ಯರು ಗುಬ್ಬಿಯ ಕಿವಿಗೆ ಸದ್ದುಗಳನ್ನು ಹಾಕಿ ನೋಡಿ, ಕಾಗದದ ಮೇಲೆ ಒಂದು ಗೆರೆ ತೋರಿಸಿದರು. ಗಾಜಿನ ಕಿರ್ರ್ ಎನ್ನುವಂಥ ತೆಳು ಸದ್ದಿನ ಕಡೆ ಎಲ್ಲ ಸರಿ, ಮೋಟಾರಿನ ಗುಂಯ್ ಎನ್ನುವಂಥ ದಪ್ಪ ಸದ್ದಿನ ಕಡೆ ಗೆರೆ ಪಾತಾಳಕ್ಕೆ ಇಳಿದಿತ್ತು. "ಹುಟ್ಟಿನಿಂದಲೇ ಇರಬೇಕು. ಕಿವಿಗೆ ಯಂತ್ರ ಹಾಕಿದ್ರೂ ಅಷ್ಟಕ್ಕಷ್ಟೇ," ಎಂದರು. ಇಪ್ಪತ್ತಾರು ವರ್ಷ ತನಗೆ ಕೇಳಿಸದ ಲೋಕವೊಂದಿತ್ತು ಎಂದು ಗುಬ್ಬಿ ಅವತ್ತು ಆ ಗೆರೆಯಿಂದ ತಿಳಿದುಕೊಂಡಳು.

ಕಿವಿಗೆ ಸಿಗದ್ದನ್ನು ಕಣ್ಣಿಗೆ ಕಲಿಸತೊಡಗಿದಳು. ದಿನಾ ಬೆಳಿಗ್ಗೆ, ಸಂಜೆ ವರ್ಕ್‌ಶಾಪಿನಲ್ಲಿ ದೊರೆಯೆದುರು ಕೂತು ಅವನನ್ನು ಓದಿದಳು. ಮೈ ಸೆಟೆದರೆ, ಕಿವಿ ಹಿಂದಕ್ಕೆ ಅಂಟಿದರೆ, ಕಣ್ಣಂಚಿನ ಬಿಳಿ ಕಂಡರೆ, ಹಸಿವಿಲ್ಲದೆ ತುಟಿ ನೆಕ್ಕಿದರೆ, ಅಲ್ಲಿಗೆ ಸಾಕು. ಕೈ ತೆಗೆ, ಹಿಂದೆ ಸರಿ. ಬೈಯುವುದಿಲ್ಲ, ಹೊಡೆಯುವುದಿಲ್ಲ. 'ಹೇಳು ರಾಜ, ನೀನು ಹೇಳೋದು ಬಿಡಬೇಡ' ಎನ್ನುತ್ತಿದ್ದಳು.

ಆರು ವಾರ ಕಳೆಯಿತು. ಒಂದು ಸಂಜೆ ಪಂಪಿನವನು ತಾಮ್ರದ ತಂತಿ ಸುತ್ತುತ್ತಾ ಕೂತಿದ್ದ. ಗುಬ್ಬಿ ಚೀಲದಿಂದ ಕಾಗದದಲ್ಲಿ ಸುತ್ತಿದ್ದ ದುಂಡು ಗಾಜನ್ನು ತೆಗೆದು ಮೇಜಿನ ಮೇಲಿಟ್ಟಳು.

"ಅವತ್ತು ಬಿಟ್ಟು ಓಡಿದ್ರಲ್ಲ, ತಗೊಳ್ಳಿ. ಯಾಕೆ ಓಡಿದ್ರಿ? ಫೋನು ಯಾಕೆ ಎತ್ತಲಿಲ್ಲ? ಎಷ್ಟು ಅತ್ತೆ ಗೊತ್ತಾ ನಾನು?"

ಅವನ ಕೈಯಲ್ಲಿ ತಂತಿ ನಿಂತಿತು. ಕಿವಿಯವರೆಗೆ ಕೆಂಪಾದ.

"ಅವತ್ತು... ನಿಮ್ಮ ಹಿಂದೆ ನಿಂತು ಒಂದು ಮಾತು ಕೇಳಿದ್ದೆ. ನೀವು ತಿರುಗಲಿಲ್ಲ. ಬೇಡ ಅನ್ನೋಕೆ ಆಗದೆ ಸುಮ್ಮನಿದೀರಿ ಅಂದ್ಕೊಂಡೆ."

"ಯಾವ ಮಾತು?"

"ಮದುವೆ ಮಾತು."

ಗುಬ್ಬಿಗೆ ಒಂದು ಕ್ಷಣ ನಗು, ಒಂದು ಕ್ಷಣ ಅಳು, ಕೊನೆಗೆ ಗೆದ್ದಿದ್ದು ಕೋಪ!

"ಒಂದೇ ಸಲ ಹೇಳಿ ಓಡಿಬಿಟ್ರಾ? ನಿಮಗಿಂತ ದೊರೆನೇ ವಾಸಿ ಕಣ್ರೀ! ನಂಗೆ ಕೇಳಿಸದಿದ್ರೂ ಹತ್ತು ವರ್ಷ ಹೇಳ್ತಾನೇ ಇದ್ದ. ಬಿಟ್ಟು ಹೋಗಲಿಲ್ಲ!"

ಅವನು ತಂತಿ ಕೆಳಗಿಟ್ಟ. ಕಣ್ಣು ತುಂಬಿಕೊಂಡು ಕುರ್ಚಿಯಿಂದ ಎದ್ದ.

"ನಿಲ್ಲಿ!" ಗುಬ್ಬಿ ತಟ್ಟನೆ ಅವನ ತೋಳು ಹಿಡಿದಳು. ಅವಳು ಅವನನ್ನು ನೋಡುತ್ತಿರಲಿಲ್ಲ, ಮೇಜಿನ ಕೆಳಗೆ ನೋಡುತ್ತಿದ್ದಳು. "ಕುರ್ಚಿ ದೊರೆ ಕಾಲಿಗೆ ತಾಗ್ತಿದೆ. ನೋಡಿ, ಕಿವಿ ಹಿಂದೆ ಹೋಗಿದೆ, ಮೈ ಬಿಗಿದಿದಾನೆ. ಅಂತಿದಾನೆ ತಾನೇ?"

"ಅಂತಿದಾನೆ," ಎಂದ ಅವನು ಬೆರಗಾಗಿ. "ಈಗಷ್ಟೇ ಶುರು ಮಾಡಿದ."

"ಸರಿ ದೊರೆ, ಗೊತ್ತಾಯ್ತಪ್ಪ. ನಾವೇ ಆಚೆ ಹೋಗ್ತೀವಿ."

ಅವನ ತೋಳು ಹಿಡಿದೇ ಅವಳು ಕಿಟಕಿಯ ಬಳಿ ಕರೆದೊಯ್ದಳು. ದೊರೆ ನಿಟ್ಟುಸಿರು ಬಿಟ್ಟು ತಲೆ ಕೆಳಗಿಟ್ಟ.

ಗುಬ್ಬಿ ತನ್ನ ಅಂಗೈಯನ್ನು ಅವನ ಎದೆಯ ಮೇಲಿಟ್ಟಳು. ಕಣ್ಣು ಮುಚ್ಚಿದಳು.

"ಈಗ ಹೇಳಿ. ಅವತ್ತು ಹೇಳಿದ ಹಾಗೇ. ಗಟ್ಟಿಯಾಗಿ ಬೇಡ."

ಅವನು ಹೇಳಿದ. ಬಾವಿಯ ದನಿಯಲ್ಲಿ, ಮೆಲ್ಲಗೆ, ಪಂಪು ಕೆಡದಿದ್ದರೂ ದಿನಾ ಬರಬೇಕೆನ್ನಿಸುವುದರಿಂದ ಹಿಡಿದು ಕೊನೆಯ ಪ್ರಶ್ನೆಯವರೆಗೆ, ಒಂದು ಪದವನ್ನೂ ಬಿಡದೆ. ಅಂಗಿಯ ಕೆಳಗೆ, ಅವಳ ಅಂಗೈಗೆ, ಎಲ್ಲವೂ ಬಂದು ತಾಗಿತು.

"ಕೇಳಿಸ್ತಾ?" ಎಂದ ಅವನು.

"ಇಲ್ಲ," ಎಂದಳು ಗುಬ್ಬಿ. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಗೊತ್ತಾಯ್ತು."

"ಮತ್ತೆ... ಉತ್ತರ?"

"ಹೂಂ ರೀ, ಹೂಂ! ಕೈ ತೆಗೆಯಲ್ಲ. ಇನ್ನೊಂದ್ಸಲ ಹೇಳಿ."